ಪ್ಲೈವುಡ್ಡು ಅಂದ್ರೆ ಅಷ್ಟು ಸಸಾರವೇ?

ಕಾರಿಗೆ ಮನೆಯಲ್ಲೇ ಸ್ಪ್ಲಿಟ್ಟರ್ ಮಾಡಿಕೊಳ್ಳೋದು ಹೇಗೆ ಅಂತ ತೋರಿಸುವ ವಿಡಿಯೋಗಳನ್ನು ಒಂದರ ಹಿಂದೆ ಒಂದು ನೋಡಿದರೆ ಅವೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು ಅನ್ನಿಸುತ್ತೆ. ಇಪ್ಪತ್ತು ನಿಮಿಷದಲ್ಲಿ ಹದಿನೈದು ನಿಮಿಷ ಯಾವ ಹಾಳೆ ಒಳ್ಳೆಯದು ಅನ್ನೋ ಚರ್ಚೆ: ಕಾರ್ಬನ್ ಫೈಬರ್, ಎಬಿಎಸ್, ಅಲ್ಯುಮಿನಿಯಂ, ಪ್ಲೈವುಡ್. ಆಮೇಲೆ ಮೂರು ನಿಮಿಷ ಕಪ್ಪು ಪೇಂಟು. ಉಳಿದ ಎರಡು ನಿಮಿಷದಲ್ಲಿ ಹಿನ್ನೆಲೆ ಸಂಗೀತ ಜೋರಾಗುತ್ತೆ, ಡ್ರಿಲ್ಲಿನ ಸದ್ದು ಬರುತ್ತೆ, ಹಲಗೆ ಕಾರಿಗೆ ಕೂತುಬಿಟ್ಟಿರುತ್ತೆ. ಯಾವುದಕ್ಕೆ ಕೂತಿತು, ಹೇಗೆ ಕೂತಿತು, ನಾಳೆ ಕಲ್ಲಿಗೆ ಬಡಿದರೆ ಏನಾಗುತ್ತೆ ಅನ್ನೋದನ್ನು ಯಾರೂ ತೋರಿಸಲ್ಲ. ಸೀರೆ ಬಣ್ಣದ ಮೇಲೆ ಮದುವೆ ಮಾತುಕತೆಯೆಲ್ಲ ಮುಗಿದು, ಹುಡುಗ ಯಾವೂರವನು ಅಂತ ಛತ್ರದಲ್ಲಿ ಕೇಳಿದ ಹಾಗೆ.

ನನ್ನ ತಕರಾರು ಎರಡು. ಒಂದು, ಹಾಳೆಯ ಚರ್ಚೆಯಲ್ಲಿ ಎಲ್ಲರೂ ಮೂಗು ಮುರಿಯೋ ಪ್ಲೈವುಡ್ಡೇ ನಮ್ಮಂಥವರಿಗೆ ಸರಿಯಾದ ಹಾಳೆ. ಎರಡು, ಹಾಳೆ ಯಾವುದಾದರೂ ಇರಲಿ, ಪ್ರಾಣ ಇರೋದು ಅದನ್ನು ತಗುಲಿಸುವ ರೀತಿಯಲ್ಲಿ. ಎರಡನೆಯದು ಮುಖ್ಯ, ಯಾಕೆಂದರೆ ಅಲ್ಲಿ ತಪ್ಪಾದರೆ ಪೆಟ್ಟು ತಿನ್ನೋದು ಹಿಂದಿನ ಕಾರಿನವನು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಸ್ಪ್ಲಿಟ್ಟರ್ ಅಂದರೆ ಬಂಪರಿನ ಕೆಳತುದಿಯಲ್ಲಿ ನೆಲಕ್ಕೆ ಸಮಾನಾಂತರವಾಗಿ ಮುಂದಕ್ಕೆ ಚಾಚಿದ ಚಪ್ಪಟೆ ಹಲಗೆ. ಓಡುವ ಕಾರಿನ ಮೂತಿಗೆ ಬಡಿದ ಗಾಳಿ ಅಲ್ಲೇ ತಡೆದು ನಿಂತು ಒತ್ತಡ ಏರುತ್ತೆ, ಆ ಒತ್ತಡ ಹಲಗೆಯ ಮೇಲೆ ಕೂರುತ್ತೆ. ಹಲಗೆಗೂ ನೆಲಕ್ಕೂ ನಡುವಿನ ಇಕ್ಕಟ್ಟಿನಲ್ಲಿ ನುಗ್ಗುವ ಗಾಳಿಯ ವೇಗ ಹೆಚ್ಚಿ ಅಲ್ಲಿ ಒತ್ತಡ ಇಳಿಯುತ್ತೆ. ಮೇಲಿಂದ ಅದುಮು, ಕೆಳಗಿಂದ ಎಳೆತ. ಎರಡೂ ಸೇರಿ ಮುಂದಿನ ಟಯರುಗಳನ್ನು ರಸ್ತೆಗೆ ಒತ್ತುತ್ತವೆ. ಹಳ್ಳಿ ಕಡೆಯವರಿಗೆ ಇದನ್ನು ವಿವರಿಸೋದು ಸುಲಭ: ಕುಂಟೆ ಮೇಲಿನ ಕಲ್ಲು. ಕುಂಟೆ ಹೊಡೆಯುವಾಗ ಕುಡ ಮಣ್ಣಿಗೆ ಇಳಿಯಲಿ ಅಂತ ಮೇಲೆ ಒಂದು ಕಲ್ಲು ಹೇರ್ತಾರಲ್ಲ, ಅದೇ ಕೆಲಸ. ಒಂದೇ ವ್ಯತ್ಯಾಸ, ಎತ್ತುಗಳು ಆ ಕಲ್ಲನ್ನು ಸಾಲಿನ ಕೊನೆಯಲ್ಲಿ ತಿರುಗುವಾಗಲೂ ಎಳೀಬೇಕು. ಕಾರಿನ ಕಲ್ಲಿಗೆ ನಿಂತಾಗ ತೂಕ ಇಲ್ಲ, ಓಡಿದಷ್ಟೂ ತೂಕ ಬರುತ್ತೆ.

ಎಷ್ಟು ಬರುತ್ತೆ ಅನ್ನೋದನ್ನು ಕ್ಯಾಲ್ಕುಲೇಟರಿನಲ್ಲೇ ನೋಡಬಹುದು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಹಲಗೆ ಒಂದೂವರೆ ಮೀಟರ್ ಅಗಲ, ಬಂಪರಿನಿಂದ 10 ಸೆಂ.ಮೀ. ಮುಂದೆ ಚಾಚಿದೆ ಅಂತ ಇಟ್ಟುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅದರ ಮೇಲೆ ಕೂರುವ ಗಾಳಿಯ ಭಾರ ಹೆಚ್ಚೆಂದರೆ ಒಂದು ಕಿಲೋ ಚಿಲ್ಲರೆ. 100ರಲ್ಲಿ 7 ಕಿಲೋ. 160ರಲ್ಲಿ 18 ಕಿಲೋ. 200 ಮುಟ್ಟಿದರೆ 28 ಕಿಲೋ. ಅಡಿಯ ಎಳೆತ ಇದಕ್ಕೆ ಸೇರುತ್ತೆ, ಆದರೆ ಅದು ಹಲಗೆ ನೆಲಕ್ಕೆ ಎಷ್ಟು ಹತ್ತಿರ ಇದೆ ಅನ್ನೋದರ ಮೇಲೆ ನಿಂತಿದೆ. ನಮ್ಮ ರಸ್ತೆಗೆ ಅಂತ ಎತ್ತರದಲ್ಲಿ ನಿಲ್ಲಿಸಿದ ಹ್ಯಾಚ್‌ಬ್ಯಾಕಿನಲ್ಲಿ ಆ ಲಾಭ ಬಹಳ ಕಡಿಮೆ. ಔಟರ್ ರಿಂಗ್ ರೋಡಿನಲ್ಲಿ ಸಂಜೆ ಆರಕ್ಕೆ ಸ್ಪ್ಲಿಟ್ಟರ್ ಏನು ಮಾಡುತ್ತೆ ಅಂತ ಕೇಳಿದರೆ ಉತ್ತರ: ಧೂಳು ಹಿಡಿಯುತ್ತೆ.

ಹಾಗಾಗಿ ಇದು ಟ್ರ್ಯಾಕಿನ ವಸ್ತು. ನಮ್ಮಲ್ಲಿ ಶನಿವಾರ ಬೆಳಗಿನ ಜಾವ ಎದ್ದು, ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೆಯ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟಿಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಸ್ವಂತ ಕಾರು ಓಡಿಸಿಕೊಂಡು ಹೋಗಿ, ಅಲ್ಲಿ ಸುತ್ತು ಹಾಕಿ, ಅದೇ ಕಾರಿನಲ್ಲಿ ಸೋಮವಾರ ಆಫೀಸಿಗೆ ಹೋಗುವ ಒಂದು ಸಣ್ಣ ಜಾತಿ ಇದೆ. ಈ ಮಾತೆಲ್ಲ ಅವರಿಗೆ. ಬರೀ ಚೆಂದಕ್ಕೆ ಹಾಕಿಸುವವರ ಬಗ್ಗೆ ಆಮೇಲೆ ಹೇಳ್ತೀನಿ.

ಈಗ ಹಾಳೆ. ಪ್ಲೈವುಡ್ ಅಂದ ತಕ್ಷಣ ಎದುರಿನವರ ಮುಖದಲ್ಲಿ ಒಂದು ನಗು ಬರುತ್ತೆ. ಹನ್ನೆರಡು ಲಕ್ಷದ ಕಾರಿಗೆ ಕಿಚನ್ ಕ್ಯಾಬಿನೆಟ್ಟಿನ ಹಲಗೆಯಾ! ಅದೇ ಜಾಗದಲ್ಲಿ 3 ಮಿ.ಮೀ. ಅಲ್ಯುಮಿನಿಯಂ ಹಾಳೆ ಅಂದರೆ ಗೌರವ. ಲೆಕ್ಕ ಹಾಕಿ ನೋಡೋಣ. ಹಾಳೆಯ ಬಿಗಿತ, ಅಂದರೆ ಬಾಗದೆ ನಿಲ್ಲುವ ಗುಣ, ವಸ್ತುವಿನ ಗಡಸುತನದ ಜೊತೆಗೆ ದಪ್ಪದ ಘನಕ್ಕೆ ಅನುಗುಣ. ದಪ್ಪ ಎರಡು ಪಟ್ಟಾದರೆ ಬಿಗಿತ ಎಂಟು ಪಟ್ಟು. ಅಲ್ಯುಮಿನಿಯಂ ತಾನಾಗಿ ಪ್ಲೈವುಡ್ಡಿಗಿಂತ ಏಳೆಂಟು ಪಟ್ಟು ಗಡಸು, ನಿಜ. ಆದರೆ ತೂಕದಲ್ಲಿ ಸುಮಾರು ನಾಲ್ಕು ಪಟ್ಟು. 3 ಮಿ.ಮೀ. ಅಲ್ಯುಮಿನಿಯಂ ಒಂದು ಚದರ ಮೀಟರಿಗೆ 8 ಕಿಲೋ ತೂಗುತ್ತೆ. ಹೆಚ್ಚುಕಮ್ಮಿ ಅಷ್ಟೇ ತೂಕಕ್ಕೆ 12 ಮಿ.ಮೀ. ಪ್ಲೈವುಡ್ ಸಿಗುತ್ತೆ. ನಾಲ್ಕು ಪಟ್ಟು ದಪ್ಪ ಅಂದರೆ ಘನದಲ್ಲಿ ಅರವತ್ನಾಲ್ಕು ಪಟ್ಟು. ಗಡಸುತನದಲ್ಲಿ ಕಳಕೊಂಡಿದ್ದನ್ನೆಲ್ಲ ಕಳೆದರೂ, ಕಮ್ಮಿ ಅಂದಾಜು ಹಿಡಿದರೂ, ಅದೇ ತೂಕದ ಪ್ಲೈವುಡ್ ಆರೇಳು ಪಟ್ಟು ಬಿಗಿ. ಅದೂ ಬೆಲೆ ಕಮ್ಮಿ, ಗರಗಸದಲ್ಲಿ ಕುಯ್ಯಬಹುದು, ಬೀದಿ ಕೊನೆಯ ಅಂಗಡಿಯಲ್ಲಿ ಸಿಗುತ್ತೆ. ಅಲ್ಯುಮಿನಿಯಂ ಒಮ್ಮೆ ಬಗ್ಗಿದರೆ ಬಗ್ಗಿದ್ದೇ. ಅಂಚು ಒಂದು ಕಡೆ ಜೋತುಬಿದ್ದ ಸ್ಪ್ಲಿಟ್ಟರ್ ಹಾಕಿಕೊಂಡ ಕಾರು ತುಟಿ ಊದಿಕೊಂಡ ಮಗುವಿನ ಹಾಗೆ ಕಾಣುತ್ತೆ.

ಅಮೆರಿಕ, ಇಂಗ್ಲೆಂಡಿನಲ್ಲಿ ಮನೆಯಲ್ಲಿ ಸ್ಪ್ಲಿಟ್ಟರ್ ಮಾಡುವವರು ಬರ್ಚ್ ಪ್ಲೈ ಅಂತ ಹೇಳ್ತಾರೆ. ಅದನ್ನು ಕೇಳಿ ಇಲ್ಲಿ ಬರ್ಚ್ ಹುಡುಕಿಕೊಂಡು ಅಲೆಯೋದು ಬೇಡ. ನಮ್ಮ ಅಂಗಡಿಯಲ್ಲಿ ಕೇಳಬೇಕಾದ್ದು ಐಎಸ್ 710 ಗುರುತಿನ ಮರೀನ್ ಗ್ರೇಡ್. ಕುದಿಯುವ ನೀರಿಗೂ ಅಂಟು ಬಿಡದ ಜಾತಿ ಅದು. ಐಎಸ್ 303ರ ಎಂಆರ್ ಗ್ರೇಡನ್ನು ಅಂಗಡಿಯವರು ಕಮರ್ಷಿಯಲ್ ಪ್ಲೈ ಅಂತಾರೆ. ಅದು ತೇವದ ಹವೆ ತಡೆಯುತ್ತೆ, ನೀರನ್ನಲ್ಲ. ಒಂದು ಮಳೆಗಾಲದಲ್ಲಿ ಪದರ ಪದರ ಬಿಟ್ಟು ಮಸಾಲೆ ದೋಸೆ ಅಂಚಿನ ಹಾಗೆ ಎದ್ದು ನಿಲ್ಲುತ್ತೆ. ಮರೀನ್ ಪ್ಲೈಗೂ ಶತ್ರು ಮುಖದಲ್ಲಿಲ್ಲ, ಅಂಚಿನಲ್ಲಿದೆ. ಕುಯ್ದ ಅಂಚು, ಕೊರೆದ ತೂತು, ಎರಡಕ್ಕೂ ಎಪಾಕ್ಸಿ ಕುಡಿಸಬೇಕು. ಎರಡು ಕೋಟು ಹಚ್ಚಿ, ಉಜ್ಜಿ, ಮತ್ತೊಂದು ಕೋಟು. ವಿಡಿಯೋಗಳಲ್ಲಿ ಹೊಳೆಯುವ ಮುಖಕ್ಕೆ ನಾಲ್ಕು ಕೋಟು ಬಳಿದು ತೂತಿನ ಒಳಗೋಡೆಯನ್ನು ಹಸಿಯಾಗಿ ಬಿಡ್ತಾರೆ. ನೀರು ಒಳಗೆ ಹೋಗೋದೇ ಅಲ್ಲಿಂದ.

ಮರಗೆಲಸದ ಅಂಗಡಿಗೆ ರಟ್ಟಿನ ಅಚ್ಚು ತಗೊಂಡು ಹೋದರೆ ಅಲ್ಲಿನವರು ಕೇಳೋದು ಒಂದೇ ಪ್ರಶ್ನೆ: "ಇದೇನ್ಸಾರ್, ಕಾರಿಗೆ ಟೀಪಾಯಿ ಮಾಡಿಸ್ತಿದೀರಾ?" ನಗಲಿ ಬಿಡಿ. "ಅಣ್ಣ, ಈ ಗೆರೆ ಮೇಲೆ ಕುಯ್ದು, ಮುಂದಿನ ಅಂಚನ್ನ ಗುಂಡಗೆ ಉಜ್ಜಿಕೊಡಿ" ಅಂದರೆ ಅರ್ಧ ಗಂಟೆಯ ಕೆಲಸ. ಕೈಯಲ್ಲಿ ಹಿಡಿದು ತೂಗಿ, ಈ ಕಡೆ ಗಂಟಿದೆ, ಆ ಕಡೆ ತಿರುಗಿಸಿ ಕುಯ್ಯೋಣ ಅಂತ ಅವರೇ ಹೇಳ್ತಾರೆ. ಆ ಸಲಹೆ ಯಾವ ವಿಡಿಯೋದಲ್ಲೂ ಸಿಗಲ್ಲ.

ಎಬಿಎಸ್ ಮತ್ತು ಪಾಲಿಕಾರ್ಬೊನೇಟ್ ಹಾಳೆಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ಪೆಟ್ಟು ತಿಂದರೂ ಒಡೆಯಲ್ಲ ಅನ್ನೋದು ಅವುಗಳ ಗುಣ. ಆದರೆ 6 ಮಿ.ಮೀ. ಎಬಿಎಸ್ ಹಾಳೆ 12 ಮಿ.ಮೀ. ಪ್ಲೈವುಡ್ಡಿಗಿಂತ ಇಪ್ಪತ್ತು ಪಟ್ಟಿಗಿಂತ ಹೆಚ್ಚು ಬಾಗುತ್ತೆ. ಗಾಳಿ ಜೋರಾದಾಗ ಬಾಗಿ ತಲೆತಗ್ಗಿಸುವ ಸ್ಪ್ಲಿಟ್ಟರ್ ಇದ್ದೂ ಇಲ್ಲದ ಹಾಗೆ.

ಎಸಿಪಿ ಮಾತ್ರ ಕುತೂಹಲದ ವಿಷಯ. ನಮ್ಮೂರ ಪ್ರತಿ ಮೊಬೈಲ್ ಅಂಗಡಿಯ ಬೋರ್ಡಿಗೆ, ಪ್ರತಿ ಕಾಂಪ್ಲೆಕ್ಸಿನ ಮುಖಕ್ಕೆ ಬಡಿದಿರೋ ಹೊಳೆಯುವ ಹಾಳೆ ಅದೇ. ಮೇಲೆ ಕೆಳಗೆ ತೆಳು ಅಲ್ಯುಮಿನಿಯಂ, ನಡುವೆ ಪ್ಲಾಸ್ಟಿಕ್. ಅರ್ಧ ಮಿ.ಮೀ. ಚರ್ಮದ 4 ಮಿ.ಮೀ. ಎಸಿಪಿ, 3 ಮಿ.ಮೀ. ಅಪ್ಪಟ ಅಲ್ಯುಮಿನಿಯಂಗಿಂತ ಬಿಗಿ, ಆದರೂ ಮೂರನೇ ಒಂದು ಭಾಗದಷ್ಟು ಹಗುರ. ಗಡಸು ವಸ್ತುವನ್ನು ಹೊರಗಿಟ್ಟು ನಡುವೆ ಹಗುರ ತುಂಬಿದ್ದರ ಫಲ. ಅಮೆರಿಕದ ಹವ್ಯಾಸಿಗಳೂ ಇದೇ ಬಗೆಯ ಬೋರ್ಡ್ ಹಾಳೆಗಳನ್ನು ಬಳಸ್ತಾರೆ. ನನ್ನ ಆಕ್ಷೇಪ ಎರಡು ಕಡೆ. ಅಗ್ಗದ 3 ಮಿ.ಮೀ. ಎಸಿಪಿಯಲ್ಲಿ ಚರ್ಮ ಕಾಲು ಮಿ.ಮೀ. ಇರುತ್ತೆ, ಅದರ ಬಿಗಿತ ಮೊದಲಿನದರ ಮೂರನೇ ಒಂದು ಭಾಗಕ್ಕೂ ಕಡಿಮೆ. ಹೊರಗಿಂದ ನೋಡಿದರೆ ಎರಡೂ ಒಂದೇ ಥರ. ಮತ್ತೆ, ಎಸಿಪಿ ಬಾಗುವ ತನಕ ಬಾಗಲ್ಲ, ಬಾಗಿದ ದಿನ ರಟ್ಟಿನ ಹಾಗೆ ಮಡಚಿಕೊಳ್ಳುತ್ತೆ. ಮಡಿಕೆ ಬಿದ್ದ ಮೇಲೆ ಅದಕ್ಕೆ ಬೆನ್ನೆಲುಬಿಲ್ಲ. ಒಂದೆರಡು ಕಡೆ ಹೆಚ್ಚಿಗೆ ಆಧಾರ ಕೊಡುವ ತಾಳ್ಮೆ ಇದ್ದವರು ಬಳಸಲಿ.

ಉಳಿದಿದ್ದು ಕಾರ್ಬನ್ ಫೈಬರ್. ಸರಿಯಾಗಿ ಮಾಡಿದ ಕಾರ್ಬನ್ ಹಾಳೆಯ ಮುಂದೆ ಇವು ಯಾವುವೂ ನಿಲ್ಲಲ್ಲ, ಒಪ್ಪಿಕೊಳ್ಳೋಣ. ಆದರೆ ನಮ್ಮ ಆಕ್ಸೆಸರಿ ಅಂಗಡಿಗಳಲ್ಲಿ ಕಾರ್ಬನ್ ಅಂತ ಮಾರುವುದರಲ್ಲಿ ಬಹುಪಾಲು ಎಬಿಎಸ್ ಮೇಲೆ ಚೌಕುಳಿ ಚಿತ್ರದ ಸ್ಟಿಕ್ಕರ್. ಉಗುರಿನಲ್ಲಿ ಅಂಚು ಕೆರೆದರೆ ಗೊತ್ತಾಗುತ್ತೆ. ಇಲ್ಲಿ ಮಾರಾಟ ಆಗ್ತಿರೋದು ವಸ್ತು ಅಲ್ಲ, ವಸ್ತುವಿನ ಫೋಟೋ. ಪ್ಲೈವುಡ್ಡಿಗೆ ನಗುವವರು ಈ ಸ್ಟಿಕ್ಕರಿಗೆ ನಗದೇ ಇರೋದು ನನಗೆ ಇಂದಿಗೂ ಅರ್ಥ ಆಗಿಲ್ಲ.

ಮರಕ್ಕೆ ರೇಸಿಂಗಿನಲ್ಲಿ ಮರ್ಯಾದೆ ಇಲ್ಲ ಅನ್ನೋರು ಫಾರ್ಮುಲಾ ಒನ್ ಕಾರಿನ ಹೊಟ್ಟೆ ಕೆಳಗೆ ಒಮ್ಮೆ ಬಗ್ಗಿ ನೋಡಬೇಕು. 1994ರ ಮೇ ತಿಂಗಳಲ್ಲಿ ಇಮೋಲಾದಲ್ಲಿ ಸೆನ್ನಾ ಸತ್ತ ಮೇಲೆ, ಕಾರುಗಳು ನೆಲಕ್ಕೆ ಅಂಟಿಕೊಂಡು ಓಡದಿರಲಿ ಅಂತ ಅದೇ ವರ್ಷದ ಜರ್ಮನ್ ರೇಸಿನಿಂದ ಅಡಿಗೆ 10 ಮಿ.ಮೀ. ಹಲಗೆ ಕಡ್ಡಾಯ ಮಾಡಿದರು. ಬೀಚ್ ಮರದ ಪದರಗಳನ್ನು ರಾಳದಲ್ಲಿ ಒತ್ತಿ ಮಾಡಿದ ಹಲಗೆ ಅದು; ನಮ್ಮ ಪ್ಲೈವುಡ್ಡಿನ ಶ್ರೀಮಂತ ದೊಡ್ಡಪ್ಪನ ಮಗ. ಸವೆಯಲು ಬಿಟ್ಟಿದ್ದು ಒಂದು ಮಿ.ಮೀ. ಅದಕ್ಕಿಂತ ಹೆಚ್ಚು ಸವೆಸಿದ್ದಕ್ಕೆ ಅದೇ ಆಗಸ್ಟಿನಲ್ಲಿ ಬೆಲ್ಜಿಯಂನಲ್ಲಿ ಗೆದ್ದ ಶುಮಾಕರ್ ಗೆಲುವು ಕಳಕೊಂಡ. ಸುಮಾರು ಮೂವತ್ತು ವರ್ಷದ ಮೇಲೆ, 2023ರಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಹ್ಯಾಮಿಲ್ಟನ್ ಮತ್ತು ಲೆಕ್ಲೇರ್ ಇಬ್ಬರೂ ಅದೇ ಹಲಗೆಯ ಸವೆತಕ್ಕೆ ಅನರ್ಹರಾದರು. ನ್ಯಾಸ್‌ಕಾರ್‌ನವರು ಇನ್ನೊಂದು ದಾರಿ ಹಿಡಿದರು. 2007ರಲ್ಲಿ ಹೊಸ ಕಾರಿನ ಜೊತೆ ಸ್ಪ್ಲಿಟ್ಟರ್ ತಂದಾಗ ಅವರು ಅದಕ್ಕೆ ಆರಿಸಿಕೊಂಡಿದ್ದು ಕಾರ್ಬನ್ ಅಲ್ಲ, ಪಾಲಿಪ್ರೊಪಿಲೀನ್ ಎಳೆಗಳನ್ನು ನೇಯ್ದು ಒತ್ತಿದ ಟೆಗ್ರಿಸ್ ಅನ್ನೋ ಹಾಳೆ. ಪಾಲಿಪ್ರೊಪಿಲೀನ್ ಅಂದರೆ ನಮ್ಮ ಮದುವೆ ಮನೆ ಪ್ಲಾಸ್ಟಿಕ್ ಕುರ್ಚಿಯ ಕುಲ. ಕಾರ್ಬನ್ ಒಡೆದರೆ ಚೂರು ಚೂರಾಗಿ ಟ್ರ್ಯಾಕ್ ತುಂಬ ಹರಡಿ ಹಿಂದೆ ಬರುವವರ ಟಯರು ಸೀಳುತ್ತೆ. ಇದು ಹಾಗೆ ಚೂರಾಗಲ್ಲ. ದುಡ್ಡಿಗೆ ಬರವಿಲ್ಲದವರೇ ಹಾಳೆ ಆರಿಸುವಾಗ ಕೇಳಿದ ಪ್ರಶ್ನೆ "ಎಷ್ಟು ಹಗುರ" ಅಂತ ಮಾತ್ರ ಅಲ್ಲ, "ಒಡೆದಾಗ ಏನಾಗುತ್ತೆ" ಅಂತಲೂ.

ಆ ಪ್ರಶ್ನೆ ಹಿಡಿದುಕೊಂಡೇ ಜೋಡಣೆಗೆ ಬರೋಣ.

ನಿಮ್ಮ ಕಾರಿನ ಬಂಪರ್ ಅಂತ ನೀವು ಒರೆಸಿ ಹೊಳಪು ಮಾಡುವ ವಸ್ತು ನಿಜವಾದ ಬಂಪರ್ ಅಲ್ಲ. ಅದು ಕ್ಲಿಪ್ಪು, ಸ್ಕ್ರೂಗಳಲ್ಲಿ ನಿಂತಿರುವ ತೆಳು ಪ್ಲಾಸ್ಟಿಕ್ ಮುಖವಾಡ. ಅದರ ಹಿಂದೆ ಅಡ್ಡಕ್ಕೆ ಒಂದು ಲೋಹದ ತೊಲೆ ಇದೆ, ಅದು ಚಾಸಿಸ್ಸಿನ ಎರಡು ಉದ್ದ ತೋಳುಗಳಿಗೆ ಬೋಲ್ಟ್ ಆಗಿದೆ. ಮುಖವಾಡಕ್ಕೆ ಗಾಳಿ ತಡೆಯೋದು ಗೊತ್ತು, ಭಾರ ಹೊರೋದು ಗೊತ್ತಿಲ್ಲ. ವಿಡಿಯೋಗಳಲ್ಲಿ ನೂರಕ್ಕೆ ತೊಂಬತ್ತು ಪಾಲು (ಇದು ನನ್ನ ಸಿಟ್ಟಿನ ಅಂಕಿ, ಸಮೀಕ್ಷೆಯದಲ್ಲ) ಹಲಗೆಯನ್ನು ಈ ಮುಖವಾಡಕ್ಕೇ ಸೆಲ್ಫ್ ಟ್ಯಾಪಿಂಗ್ ಸ್ಕ್ರೂನಲ್ಲಿ ತಿರುಗಿಸಿ, ಜೊತೆಗೆ ಧೈರ್ಯಕ್ಕೆ ಡಬಲ್ ಸೈಡ್ ಟೇಪು ಅಂಟಿಸ್ತಾರೆ. ಆಮೇಲೆ ಮುಂದೆ ಎರಡು ಚೆಂದದ ಕೆಂಪು ರಾಡು. ಆ ರಾಡುಗಳ ಮೇಲ್ತುದಿ ಎಲ್ಲಿಗೆ ಹೋಗುತ್ತೆ ಅಂತ ನೋಡಿ. ಅದೇ ಪ್ಲಾಸ್ಟಿಕ್ಕಿಗೆ! ಹಲಗೆ ಬಂಪರನ್ನು ಎಳೀತಿದೆ, ಅದನ್ನು ತಡೆಯಬೇಕಾದ ರಾಡೂ ಅದೇ ಬಂಪರನ್ನು ಹಿಡಿದುಕೊಂಡಿದೆ. ಮುಳುಗುವವನ ಜುಟ್ಟನ್ನು ಇನ್ನೊಬ್ಬ ಮುಳುಗುವವನು ಹಿಡಿದ ಹಾಗೆ. ವೇಗ ಏರಿದಾಗ ಇಡೀ ಮುಖವಾಡ ಕೆಳಕ್ಕೆ ಜಗ್ಗಿ, ಕ್ಲಿಪ್ಪುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ.

ಭಾರಕ್ಕೆ ದಾರಿ ಬೇಕು. ಹಲಗೆ, ಅಲ್ಲಿಂದ ಬ್ರ್ಯಾಕೆಟ್, ಅಲ್ಲಿಂದ ತೊಲೆ ಅಥವಾ ಚಾಸಿಸ್. ನಡುವೆ ಎಲ್ಲೂ ಪ್ಲಾಸ್ಟಿಕ್ ಬರಕೂಡದು. ಹಲಗೆಯ ಹಿಂಬದಿಯನ್ನು ಬಂಪರಿನ ಅಂಚಿಗೆ ನಿಲ್ಲಿಸದೆ ಹಿಂದಕ್ಕೆ ಚಾಚಿ, ಎಂಜಿನ್ನಿನ ಅಡಿತಟ್ಟೆಯನ್ನು ಹಿಡಿದ ಲೋಹದ ಚೌಕಟ್ಟಿಗೆ ಬೋಲ್ಟ್ ಮಾಡಬೇಕು. ಮುಂಬದಿಯನ್ನು ಮೇಲಿನ ತೊಲೆಯಿಂದ ತೂಗಬೇಕು. ತೊಲೆಗೆ ಹೊಸ ತೂತು ಕೊರೆಯೋದು ಬೇಡ. ಅಪಘಾತದಲ್ಲಿ ಮಡಚಿಕೊಂಡು ನಿಮ್ಮ ಕಾಲು ಉಳಿಸಬೇಕಾದ ಭಾಗ ಅದು. ಕಾರ್ಖಾನೆಯೇ ಬಿಟ್ಟಿರುವ ತೂತುಗಳಿವೆ, ಕಾರು ಎಳೆಯುವ ಕೊಕ್ಕೆ ತಿರುಗಿಸುವ ಮರೆಯಿದೆ. ಅವುಗಳಿಗೆ ಹೊಂದುವ ಎಲ್ ಆಂಗಲ್ ಬ್ರ್ಯಾಕೆಟ್ಟನ್ನು ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡ್ತಾರೆ.

ಬೋಲ್ಟಿನ ಬಗ್ಗೆ ಒಂದು ವಿಚಿತ್ರ ಮೂಢನಂಬಿಕೆ ಇದೆ. ದಪ್ಪ ಬೋಲ್ಟ್ ಹಾಕಿದರೆ ಗಟ್ಟಿ ಅಂತ. 8.8 ಗ್ರೇಡಿನ ಒಂದೇ ಒಂದು 6 ಮಿ.ಮೀ. ಬೋಲ್ಟ್ ಒಂದು ಟನ್ನಿನ ಎಳೆತ ಆರಾಮಾಗಿ ತಡೆಯುತ್ತೆ. ನಮ್ಮ ಹಲಗೆಯ ಮೇಲಿನ ಭಾರ ಎಲ್ಲ ಸೇರಿ ನಾಲ್ಕೈದು ಹತ್ತು ಕಿಲೋ ದಾಟಿದರೆ ಹೆಚ್ಚು. ಬೋಲ್ಟ್ ಹರಿಯಲ್ಲ. ಹರಿಯೋದು ಬೋಲ್ಟಿನ ಸುತ್ತ ಇರುವ ಮರ. ತಲೆ ಮರದೊಳಗೆ ಇಳಿದು, ಇಳಿದು, ಒಂದು ದಿನ ಈ ಕಡೆಯಿಂದ ಆ ಕಡೆ ಬಂದುಬಿಡುತ್ತೆ. ಇದಕ್ಕೆ ಔಷಧಿ ಕೆಲವೇ ರೂಪಾಯಿಯ ಅಗಲ ವಾಷರು. ಸಾಮಾನ್ಯ ವಾಷರ್ 12 ಮಿ.ಮೀ. ಅಗಲ, 30 ಮಿ.ಮೀ. ವಾಷರ್ ಹಾಕಿದರೆ ಭಾರ ಹಂಚಿಕೊಳ್ಳುವ ಜಾಗ ಎಂಟು ಪಟ್ಟಾಗುತ್ತೆ. ಜೊತೆಗೆ ನೈಲಾಕ್ ನಟ್, ಯಾಕೆಂದರೆ ಸಾದಾ ನಟ್ಟನ್ನು ನಮ್ಮ ರಸ್ತೆಯ ಅದುರಾಟ ಒಂದು ವಾರದಲ್ಲಿ ಬಿಚ್ಚಿ ಕೈಗೆ ಕೊಡುತ್ತೆ.

ಗಾಳಿಯ ಸೋರಿಕೆ ಇನ್ನೊಂದು. ಹಲಗೆಗೂ ಬಂಪರಿಗೂ ನಡುವೆ ಬೆರಳು ತೂರುವಷ್ಟು ಸಂದಿ ಬಿಟ್ಟರೆ ಮೇಲಿನ ಒತ್ತಡ ಆ ಸಂದಿಯಲ್ಲಿ ಇಳಿದುಹೋಗುತ್ತೆ. ಬಾಗಿಲಿಗೆ ಹಾಕುವ ರಬ್ಬರ್ ಬೀಡಿಂಗ್ ಸಾಕು.

ಮುಂದಿನ ಆಧಾರಕ್ಕೆ ರಾಡೋ ವಯರೋ? ವಿಡಿಯೋದವರೆಲ್ಲ ರಾಡಿನ ಪಕ್ಷ. ನಾನು ವಯರಿನ ಪಕ್ಷ. ಗಾಳಿ ಹಲಗೆಯನ್ನು ಯಾವಾಗಲೂ ಕೆಳಕ್ಕೆ ಒತ್ತುತ್ತೆ. ಅದನ್ನು ತಡೆಯಲು ಎಳೆತ ತಡೆಯುವ ಯಾವುದಾದರೂ ಸಾಕು, ಸ್ಟೀಲ್ ವಯರ್ ರೋಪ್ ಆದರೂ ಆಯಿತು. ಹಲಗೆಯನ್ನು ಮೇಲಕ್ಕೆ ತಳ್ಳೋದು ನೆಲ ಮಾತ್ರ: ಉಬ್ಬು, ಕಲ್ಲು, ಟ್ರ್ಯಾಕಿನ ಅಂಚಿನ ಕೆಂಪು ಬಿಳಿ ಕಟ್ಟೆ. ರಾಡು ಆ ಪೆಟ್ಟನ್ನು ನೇರವಾಗಿ ತೊಲೆಗೆ, ಅದರ ಹಿಂದಿನ ರೇಡಿಯೇಟರಿಗೆ ಮುಟ್ಟಿಸುತ್ತೆ. ವಯರು ಸಡಿಲವಾಗಿ ಹಲಗೆಯನ್ನು ಒಂದಿಂಚು ಏಳಲು ಬಿಟ್ಟು, ಮತ್ತೆ ಬಿಗಿಯಾಗುತ್ತೆ. ನೊಗಕ್ಕೆ ಈಸನ್ನು ಮಿಣಿಯಲ್ಲಿ ಕಟ್ತಾರೆಯೇ ಹೊರತು ಬೋಲ್ಟ್ ಹಾಕಲ್ಲ. ನೇಗಿಲು ಬೇರಿಗೋ ಬಂಡೆಗೋ ಸಿಕ್ಕಿಕೊಂಡಾಗ ಎಲ್ಲೋ ಒಂದು ಕಡೆ ಸ್ವಲ್ಪ ಬಿಟ್ಟುಕೊಡದಿದ್ದರೆ ಎತ್ತಿನ ಕುತ್ತಿಗೆಗೆ ಬರುತ್ತೆ. ವಯರಿನ ನಡುವೆ ಒಂದು ಟರ್ನ್‌ಬಕಲ್ ಇದ್ದರೆ ಎತ್ತರ ಹೊಂದಿಸಬಹುದು. ಕೋನವೂ ಮುಖ್ಯ. ವಯರು ನೆಟ್ಟಗೆ ನಿಂತಷ್ಟೂ ಒಳ್ಳೆಯದು; ಹಲಗೆಗೆ 30 ಡಿಗ್ರಿಯಲ್ಲಿ ಮಲಗಿದರೆ ಹೊರುವ ಭಾರದ ಎರಡು ಪಟ್ಟು ಎಳೆತ ಅದರ ಮೇಲೆ ಬೀಳುತ್ತೆ.

ಒಡೆಯುವ ಕ್ರಮವನ್ನೂ ಮೊದಲೇ ತೀರ್ಮಾನ ಮಾಡಿರಬೇಕು. ಮೊದಲು ಸವೆಯಬೇಕಾದ್ದು ಹಲಗೆಯ ಅಡಿಗೆ ತಿರುಗಿಸಿದ ಪ್ಲಾಸ್ಟಿಕ್ ಪಟ್ಟಿ. ಆಮೇಲೆ ಹಲಗೆಯ ಅಂಚು. ಬ್ರ್ಯಾಕೆಟ್ ಕೊನೆಗೆ. "ಪೆಟ್ಟು ಬಿದ್ದರೆ ಕಳಚಿ ಹೋಗಲಿ" ಅಂತ ನೈಲಾನ್ ಬೋಲ್ಟ್ ಹಾಕುವವರಿದ್ದಾರೆ. ಕಳಚಿ ಎಲ್ಲಿಗೆ ಹೋಗುತ್ತೆ ಸ್ವಾಮಿ? ಮುಂದಿನ ಆಧಾರ ಹೋದರೆ ಗಾಳಿ ಹಲಗೆಯನ್ನು ಕೆಳಕ್ಕೆ ಮಡಚಿ ನಿಮ್ಮದೇ ಚಕ್ರದ ಕೆಳಗೆ ತೂರಿಸುತ್ತೆ. ಹಿಂದಿನ ಬೋಲ್ಟೂ ಹೋದರೆ ಏಳು ಕಿಲೋದ ಮರದ ಹಲಗೆ, ಗಂಟೆಗೆ 140 ಕಿ.ಮೀ. ವೇಗದಲ್ಲಿ ಹಿಂದೆ ಬರುತ್ತಿರುವವನ ಗಾಜಿನ ಮುಂದೆ. ಹಿಂಬದಿಯ ಜೋಡಣೆ ಯಾವ ಕಾರಣಕ್ಕೂ ಬಿಡಬಾರದು, ಮುಂದಿನದು ಮೇಲಕ್ಕೆ ಬಿಟ್ಟುಕೊಡಬೇಕು, ಕೆಳಕ್ಕೆ ಬಿಡಬಾರದು. ಈ ಒಂದು ವಾಕ್ಯಕ್ಕೆ ಆ ಇಪ್ಪತ್ತು ನಿಮಿಷದಲ್ಲಿ ಜಾಗ ಇಲ್ಲ ಅನ್ನೋದೇ ನನ್ನ ಹೊಟ್ಟೆಯುರಿ.

ಬದಲಿಗೆ ಎಲ್ಲ ವಿಡಿಯೋದ ಕೊನೆಗೂ ಒಂದು ಪರೀಕ್ಷೆ ಇರುತ್ತೆ: ಮಾಡಿದವನು ಹಲಗೆಯ ಮೇಲೆ ಹತ್ತಿ ನಿಂತು ಕೈ ಕಟ್ಟಿಕೊಳ್ತಾನೆ. ನೋಡೋಕೆ ಚೆನ್ನಾಗಿರುತ್ತೆ. ಕೆಲಸಕ್ಕೆ ಬರಲ್ಲ ಅಂತ ಹೇಳಲಾರೆ. 70 ಕಿಲೋ ಆಸಾಮಿ ತುದಿಯಲ್ಲಿ ನಿಂತರೆ ಗಾಳಿಗಿಂತ ಜಾಸ್ತಿ ಭಾರವೇ ಬೀಳುತ್ತೆ. ಆದರೆ ಅದು ಅರ್ಧ ಪರೀಕ್ಷೆ. ನಿಂತವನು ಅದುರಲ್ಲ, ಕೆಳಗಿಂದ ಒದೆಯಲ್ಲ, ಮಳೆಯಲ್ಲಿ ನೆನೆಯಲ್ಲ. ಹತ್ತಿ ನಿಲ್ಲುವ ಬದಲು ಆರು ತಿಂಗಳ ಮೇಲೆ ಅದೇ ಹಲಗೆಯನ್ನು ಬಿಚ್ಚಿ ತೂತುಗಳನ್ನು ತೋರಿಸಲಿ, ನಾನು ಮೊದಲ ಸಾಲಿನಲ್ಲಿ ಕೂತು ನೋಡ್ತೀನಿ.

ಒಂದು ಎಚ್ಚರಿಕೆ. ಎಲ್ಲ ಸರಿಯಾಗಿ ಮಾಡಿ ಮುಂದಿನ ಟಯರಿಗೆ ಹಿಡಿತ ಬಂತು ಅನ್ನಿ, ಹಿಂದಿನ ಟಯರಿಗೆ ಏನೂ ಬಂದಿಲ್ಲ ಅನ್ನೋದು ನೆನಪಿರಲಿ. ಜೋರು ತಿರುವಿನಲ್ಲಿ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಭಾರ ಮುಂದಕ್ಕೆ ಬಂದು, ಮೂತಿ ತಗ್ಗಿ, ಮುಂದಿನ ಹಿಡಿತ ಇನ್ನೂ ಹೆಚ್ಚಿ, ಕಾರಿನ ಬಾಲ ಹೊರಗೆ ಬೀಸುತ್ತೆ. ಮುಂದೆ ಸ್ಪ್ಲಿಟ್ಟರ್ ಹಾಕುವವರು ಹಿಂದೆಯೂ ಏನಾದರೂ ಯೋಚಿಸಬೇಕು. ಅದು ಬೇರೆ ಲೇಖನದ ಮಾತು.

ಇನ್ನು ರಸ್ತೆ. ಬಂಪರಿನ ತಳ ನೆಲದಿಂದ 18 ಸೆಂ.ಮೀ., ಚಕ್ರದಿಂದ ಮುಂದಕ್ಕೆ 75 ಸೆಂ.ಮೀ. ಇದೆ ಅಂದುಕೊಳ್ಳಿ. ಸುಮಾರು 13 ಡಿಗ್ರಿ ಇಳಿಜಾರನ್ನು ಮೂತಿ ತಾಗದೆ ಹತ್ತಬಹುದು. ಅದಕ್ಕೆ 5 ಸೆಂ.ಮೀ. ಕೆಳಗೆ, 10 ಸೆಂ.ಮೀ. ಮುಂದೆ ಹಲಗೆ ಕೂರಿಸಿ. 9 ಡಿಗ್ರಿಗೂ ಕಡಿಮೆಯಾಯಿತು. ಆರಕ್ಕೆ ಒಂದರಂತೆ ಏರುವ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪು ಒಂಬತ್ತೂವರೆ ಡಿಗ್ರಿ. ಅಂದರೆ ದಿನಾ ಬೆಳಿಗ್ಗೆ ಸಂಜೆ ಕರ್ರ್ ಅಂತ ಸದ್ದು, ವಾಚ್‌ಮನ್ ತಲೆ ಎತ್ತಿ ನೋಡೋದು. ರಸ್ತೆ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪುಸ್ತಕದಲ್ಲಿದೆ. ನಮ್ಮ ಬಡಾವಣೆಯ ಉಬ್ಬು ಹಾಕಿದವರು ಆ ಪುಸ್ತಕ ಓದಿದವರಲ್ಲ.

ಮೂತಿ ಉಜ್ಜೋದು ನಿಮ್ಮ ನಷ್ಟ. ಇನ್ನೊಂದು ನಷ್ಟ ಬೇರೆಯವರದು. ಸಿಗ್ನಲ್ ದಾಟುವವರ ಮೊಣಕಾಲಿನ ಕೆಳಗೆ ಮೊದಲು ತಾಗೋದು ಬಗ್ಗುವ ಪ್ಲಾಸ್ಟಿಕ್ ಬಂಪರ್ ಆಗಿರಲ್ಲ, ಅದಕ್ಕಿಂತ 10 ಸೆಂ.ಮೀ. ಮುಂದಿರುವ 12 ಮಿ.ಮೀ. ದಪ್ಪದ ಗಟ್ಟಿ ಅಂಚು. ಪಾದಚಾರಿಗಳಿಗೆ ಅಪಾಯ ಅನ್ನೋ ಕಾರಣವನ್ನೂ ಹೇಳಿಯೇ 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್‌ಗಳ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದದ್ದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರು ಕೊಟ್ಟ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ವಿವರಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿತು. ಪೊಲೀಸರು ಹಿಡೀತಾರೋ ಬಿಡ್ತಾರೋ, ಶಾಲೆ ಬಿಡುವ ಹೊತ್ತಿಗೆ ಬೀದಿಯಲ್ಲಿ ಓಡುವ ಮಕ್ಕಳ ಎತ್ತರ ನೋಡಿದವರಿಗೆ ಕಾನೂನು ಓದಬೇಕಾಗಿಲ್ಲ. ಬರೀ ಚೆಂದಕ್ಕೆ ಹಾಕಿಸುವವರ ಬಗ್ಗೆ ಆಮೇಲೆ ಹೇಳ್ತೀನಿ ಅಂದಿದ್ದೆನಲ್ಲ, ಇಷ್ಟೇ: ಅವರದು ಹಲಗೆ ಅಲ್ಲ, ಮಚ್ಚು.

ಹಾಗಾಗಿ ಬಿಚ್ಚಿಡುವಂತೆ ಮಾಡಿಕೊಳ್ಳಿ. ಬ್ರ್ಯಾಕೆಟ್ಟುಗಳು ಬಂಪರಿನ ಹಿಂದೆ ಖಾಯಂ ಇರಲಿ, ಹೊರಗೆ ಏನೂ ಕಾಣಲ್ಲ. ಹಲಗೆ ಹಿಂದಿನ ಸೀಟು ಮಡಚಿ ಉದ್ದಕ್ಕೆ ಮಲಗಿಸಿದರೆ ಹ್ಯಾಚ್‌ಬ್ಯಾಕಿನಲ್ಲಿ ಹಿಡಿಯುತ್ತೆ. ಇರುಂಗಾಟ್ಟುಕೋಟೆಯ ತನಕ 300 ಕಿ.ಮೀ. ಹೆದ್ದಾರಿ ಅದು ಒಳಗೇ ಇರಲಿ. ಅಲ್ಲಿ ಪಿಟ್ಟಿನಲ್ಲಿ ಕೂತು ನಾಲ್ಕು ಹಿಂದಿನ ಬೋಲ್ಟು, ಎರಡು ವಯರು ಹಾಕಲು ಇಪ್ಪತ್ತು ನಿಮಿಷ. ನಟ್ ಬಿಗಿ ಮಾಡಿದ ಮೇಲೆ ನಟ್ಟಿನಿಂದ ಬ್ರ್ಯಾಕೆಟ್ಟಿಗೆ ದಾಟುವಂತೆ ಬಿಳಿ ಪೇಂಟಿನ ಒಂದು ಗೆರೆ ಎಳೆಯಿರಿ. ಪ್ರತಿ ಸುತ್ತಿನ ಸರದಿ ಮುಗಿಸಿ ಬಂದಾಗ ಬಗ್ಗಿ ನೋಡಿ. ಗೆರೆ ತುಂಡಾಗಿದ್ದರೆ ನಟ್ ತಿರುಗಿದೆ ಅಂತ ಅರ್ಥ.

ಮತ್ತೆ ಪ್ಲೈವುಡ್ ಅಂಗಡಿಯವರು ಎಂಟು ಅಡಿ ನಾಲ್ಕು ಅಡಿಯ ಹಾಳೆ ಮುರಿದು ಕೊಡಲ್ಲ ಅಂತ ಬೇಜಾರಾಗಬೇಡಿ. ಒಂದೂವರೆ ಮೀಟರಿನ ಹಲಗೆ ಅದರಲ್ಲಿ ಎರಡು ಬರುತ್ತೆ. ಅದೇ ರಟ್ಟಿನ ಅಚ್ಚಿಟ್ಟು ಎರಡನ್ನೂ ಅವತ್ತೇ ಕುಯ್ಸಿ, ಎರಡಕ್ಕೂ ಎಪಾಕ್ಸಿ ಕುಡಿಸಿ, ಒಂದನ್ನು ಮಂಚದ ಕೆಳಗೆ ತಳ್ಳಿಬಿಡಿ. ಮೊದಲನೆಯದು ಒಂದಲ್ಲ ಒಂದು ದಿನ ಕಟ್ಟೆಗೆ ಬಡಿದು ಮುರಿಯುತ್ತೆ.